ಮುಸಲ್ಮಾನ ಭಗಿನಿಯರೂ ಚುನಾವಣೆಗಳೂ

ನಮ್ಮ ಮೈಸೂರು ನಗರದ ನರಸಿಂಹರಾಜ ಕ್ಷೇತ್ರವು 1985ರ ಚುನಾವಣೆಯಲ್ಲಿ ಮುಖ್ತಾರುನ್ನಿಸಾ ಬೇಗಂ ಅವರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿತು. ಕರ್ನಾಟಕದ ವಿಧಾನಸಭೆಯಲ್ಲಿ ಮುಸಲ್ಮಾನ ಮಹಿಳೆಯೊಬ್ಬರು ಪ್ರಜೆಗಳ ಪ್ರತಿನಿಧಿಯಾಗಿ ಕುಳಿತುದು ಆಗ. ಅವರ ತರುವಾಯ ಎರಡನೆಯವರೊಬ್ಬರು ಗೆದ್ದು ಬರಲು ಮೂವತ್ತಮೂರು ವರ್ಷಗಳು ಹಿಡಿದವು. 2018ರಲ್ಲಿ ಗುಲ್ಬರ್ಗಾ ಉತ್ತರ ಕ್ಷೇತ್ರದಿಂದ ಕನೀಝ್ ಫಾತಿಮಾ ಅವರು ಆಯ್ಕೆಯಾದರು. 2023ರಲ್ಲಿ ಮತ್ತೊಮ್ಮೆ ಅವರೇ ಆಯ್ಕೆಯಾದರು. ಮೂರನೆಯ ಹೆಸರನ್ನು ಬರೆಯೋಣವೆಂದು ಲೇಖನಿಯನ್ನು ಹಿಡಿದರೆ ಆ ಚುನಾವಣೆಯವರೆಗೂ ಅಂಥ ಹೆಸರಿಲ್ಲ. ಲೋಕಸಭೆಯ ಮಾತನ್ನಂತೂ ಎತ್ತುವಂತೆಯೇ ಇಲ್ಲ. 1952ರಿಂದ 2024ರವರೆಗೆ ನಡೆದ ಸಾರ್ವತ್ರಿಕ ಚುನಾವಣೆಗಳಲ್ಲಿ ನಮ್ಮ ನಾಡಿನಿಂದ ಒಬ್ಬ ಮುಸಲ್ಮಾನ ಮಹಿಳೆಯೂ ಅಲ್ಲಿಗೆ ಹೋಗಿಲ್ಲ.

ಇದು ಆ ಕೋಮಿನವರ ಮನೆಯೊಳಗಣ ಮಾತು, ಹೊರಗಿನವರು ಕೈಹಾಕತಕ್ಕುದಲ್ಲ ಎನ್ನುವವರುಂಟು. ನಾವು ಆ ವಾದವನ್ನು ಒಪ್ಪಲಾರೆವು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸಲ್ಮಾನರ ಸಂಖ್ಯೆ ಸುಮಾರು 79 ಲಕ್ಷ, ಅಂದರೆ ನೂರಕ್ಕೆ ಹದಿಮೂರರಷ್ಟು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸ್ತ್ರೀಯರು. ಒಂದು ಸಣ್ಣ ದೇಶದ ಜನಸಂಖ್ಯೆಗೆ ಸಮನಾದ ಈ ಕನ್ನಡನಾಡಿನ ಹೆಣ್ಣುಮಕ್ಕಳ ಪರವಾಗಿ 224 ಆಸನಗಳ ಸಭೆಯಲ್ಲಿ ಒಂದು ಕಂಠ ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯು ಯಾವುದೇ ಒಂದು ಕೋಮಿನ ಗೃಹಕೃತ್ಯವಾಗಲಾರದು. ನಾಡು ಒಂದಾಗಬೇಕೆಂದು ಹಿರಿಯರು ದುಡಿದುದು, 1956ರಲ್ಲಿ ಅದು ಒಂದಾದುದು, ಬರಿಯ ನಕಾಶೆಯ ಗೆರೆಗಳನ್ನು ಸೇರಿಸುವುದಕ್ಕಾಗಿ ಅಲ್ಲವಷ್ಟೆ.

ಇಂಥ ವಿಷಯವನ್ನೆತ್ತಿದೊಡನೆ ಮೊದಲು ಬರುವ ಉತ್ತರ ಪರದೆಯದು. ಆ ಸ್ತ್ರೀಯರು ಹೊರಗೆ ಬರುವುದಿಲ್ಲ, ಬಂದರೂ ಮಾತನಾಡುವುದಿಲ್ಲ, ಮಾತನಾಡಿದರೂ ಗಂಡಸರು ಹೇಳಿಕೊಟ್ಟುದನ್ನೇ ಆಡುತ್ತಾರೆ ಎಂದು ನಮ್ಮ ಸಭ್ಯ ಗೃಹಸ್ಥರು ಚಾವಡಿಯಲ್ಲಿ ಕುಳಿತು ತೀರ್ಪು ಕೊಡುತ್ತಾರೆ. ಹೀಗೆನ್ನತಕ್ಕವರು ಮತದಾನದ ದಿನ ಬೆಳಗ್ಗೆ ಉದಯಗಿರಿಯ ಕಡೆಗೋ ಮಂಡಿ ಮೊಹಲ್ಲಾದ ಕಡೆಗೋ ಒಮ್ಮೆ ಹೋಗಿ ನೋಡಿಬರಲಿ. ಬೀಡಿ ಕಟ್ಟುವವರು, ಉದುಬತ್ತಿ ಹೊಸೆಯುವವರು, ಶಾಲೆಯ ಉಪಾಧ್ಯಾಯಿನಿಯರು, ಕೈಗೂಸನ್ನೆತ್ತಿಕೊಂಡ ತಾಯಂದಿರು ಸಾಲುಗಟ್ಟಿ ನಿಂತಿರುತ್ತಾರೆ. ಮತ ಹಾಕುವುದಕ್ಕೆ ಅಡ್ಡಿಯಾಗದ ಪರದೆಯು ಮತ ಕೇಳುವುದಕ್ಕೆ ಮಾತ್ರ ಹೇಗೆ ಅಡ್ಡಿಯಾಯಿತೆಂಬುದು ನಮಗೆ ಬಗೆಹರಿಯದ ಪ್ರಶ್ನೆ. ಕಾಯಿದೆಯಂತೂ ಈ ಮಹಿಳೆಯರನ್ನು ಮೊದಲಿನಿಂದಲೂ ಗಣನೆಗೆ ತಂದುಕೊಂಡಿದೆ. 1961ರ ಚುನಾವಣೆ ನಡೆಸುವ ನಿಯಮಗಳ 34ನೆಯ ನಿಯಮದಲ್ಲಿ ಸ್ತ್ರೀಪುರುಷರನ್ನು ಬೇರೆ ಬೇರೆ ತಂಡಗಳಾಗಿ ಒಳಗೆ ಬಿಡುವುದಕ್ಕೂ, ಮತಗಟ್ಟೆಯಲ್ಲಿ ಸ್ತ್ರೀ ಮತದಾರರ ಸಹಾಯಕ್ಕೆ ಸ್ತ್ರೀಯೊಬ್ಬರನ್ನು ನೇಮಿಸುವುದಕ್ಕೂ ಅವಕಾಶವಿದೆ.

ಚರಿತ್ರೆಯನ್ನು ಕೇಳಬಯಸುವವರಿಗೆ ಚರಿತ್ರೆಯೂ ಉಂಟು. ದೆಹಲಿಯ ರಜಿಯಾಳವರೆಗೆ ಹೋಗಬೇಕಾದುದಿಲ್ಲ. ನಮ್ಮ ಬಿಜಾಪುರವೇ ಸಾಕು. 1580ರಲ್ಲಿ ಅಲಿ ಆದಿಲಶಹನು ಮಡಿದ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯದ ಸೂತ್ರವನ್ನು ಹಿಡಿದವಳು ಆತನ ರಾಣಿ ಚಾಂದಬೀಬಿ. ಮುಂದೆ ಮೊಗಲರ ಸೇನೆಗೆ ಎದುರಾಗಿ ತವರೂರಾದ ಅಹಮದನಗರದ ಕೋಟೆಯನ್ನು ಕಾದವಳೂ ಅವಳೇ. ಕಿತ್ತೂರ ಚೆನ್ನಮ್ಮನನ್ನೂ ಕೆಳದಿಯ ಚೆನ್ನಮ್ಮಾಜಿಯನ್ನೂ ನೆನೆಯುವ ನಮ್ಮ ಶಾಲೆಗಳಲ್ಲಿ ಈಕೆಯ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಉಪಾಧ್ಯಾಯ ಮಿತ್ರರು ಇದನ್ನು ಗಮನಿಸಬೇಕು. ಇತ್ತೀಚಿನ ಕಾಲಕ್ಕೆ ಬಂದರೆ, ನಮ್ಮ ಸಂವಿಧಾನವನ್ನು ರಚಿಸಿದ ಸಭೆಯಲ್ಲಿದ್ದ ಏಕಮಾತ್ರ ಮುಸಲ್ಮಾನ ಮಹಿಳೆ ಬೇಗಂ ಐಜಾಜ್ ರಸೂಲ್ ಅವರು. ಕೋಮುವಾರು ಪ್ರತ್ಯೇಕ ಚುನಾವಣೆ ಬೇಡವೆಂದು ಆ ಸಭೆಯಲ್ಲಿ ನಿಂತು ವಾದಿಸಿದ ಧೀರೆ ಅವರು. ಪರದೆಯ ಮಾತನ್ನು ಇಷ್ಟಕ್ಕೇ ಬಿಡೋಣ.

ನಿಜವಾದ ಅಡ್ಡಿ ಎಲ್ಲಿದೆಯೆಂಬುದನ್ನು ಕಂಡುಕೊಳ್ಳಲು ಸುಲಭವಾದ ಒಂದು ಪರೀಕ್ಷೆಯುಂಟು. ಕಾನೂನು ಬಾಗಿಲನ್ನು ತೆರೆದ ಕಡೆ ಏನಾಯಿತು, ಪಕ್ಷಗಳ ಕೈಯಲ್ಲಿ ಕೀಲಿಕೈ ಉಳಿದ ಕಡೆ ಏನಾಯಿತು ಎಂದು ಎರಡನ್ನೂ ಎದುರೆದುರು ಇಟ್ಟು ನೋಡಬೇಕು.

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯು 1881ರಲ್ಲೇ ಸ್ಥಾಪಿತವಾಯಿತಾದರೂ ಸ್ತ್ರೀಯರಿಗೆ ಅದರಲ್ಲಿ ಮತದ ಹಕ್ಕು ಬಂದುದು 1923ರ ನಿಬಂಧನೆಯಿಂದ. ಆ ಹಕ್ಕು ಆಸ್ತಿ ಕಂದಾಯಗಳ ಮೇಲೆ ನಿಂತಿದ್ದುದರಿಂದ ಬಡ ಹೆಂಗಸಿಗೆ, ಅವಳು ಯಾವ ಮತದವಳೇ ಆಗಲಿ, ಅದು ಎಟುಕದ ಹಣ್ಣಾಗಿತ್ತು. ವಯಸ್ಕರೆಲ್ಲರಿಗೂ ಮತಾಧಿಕಾರ ಬಂದುದು ಗಣರಾಜ್ಯವಾದ ಮೇಲೆ. ಮತ ಹಾಕುವ ಹಕ್ಕು ಹೀಗೆ ಪೂರ್ಣವಾಯಿತು. ಆರಿಸಿ ಬರುವ ದಾರಿಯು ಹಾಗೇ ಇಕ್ಕಟ್ಟಾಗಿ ಉಳಿಯಿತು. 1983ರಲ್ಲಿ ನಮ್ಮ ರಾಜ್ಯವು ಜಿಲ್ಲಾ ಪರಿಷತ್ತು ಮಂಡಲ ಪಂಚಾಯತಿಗಳ ಕಾನೂನನ್ನು ಮಾಡಿ ಸ್ತ್ರೀಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಆ ಪ್ರಕಾರ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಜಾರಿಗೆ ಬಂದುದು 1993ರಲ್ಲಿ, ಎಂದರೆ ಕರ್ನಾಟಕವು ದಾರಿ ತೋರಿಸಿದ ಆರು ವರ್ಷಗಳ ಮೇಲೆ. 2010ರಲ್ಲಿ ನಮ್ಮ ಪಂಚಾಯತಿಗಳಲ್ಲಿ ಸ್ತ್ರೀಯರ ಪಾಲು ಅರ್ಧಕ್ಕೇರಿತು.

ಬಾಗಿಲು ತೆರೆದ ಮೇಲೆ ಬಂದವರು ಯಾರು ಯಾರು? ಬೆಂಗಳೂರು ಮಹಾನಗರಪಾಲಿಕೆಗೆ 2005ರಲ್ಲಿ ಮಮ್ತಾಜ್ ಬೇಗಂ ಅವರು ಮೇಯರರಾದರು. ನಮ್ಮ ಮೈಸೂರಿನಲ್ಲಿ 2020ರ ಜನವರಿ 18ರಂದು ಜನತಾದಳದ ತಸ್ನೀಂ ಅವರು ಕಾಂಗ್ರೆಸ್ಸಿನ ಬೆಂಬಲದೊಡನೆ ಮೇಯರರಾಗಿ ಆಯ್ಕೆಗೊಂಡರು. ಈ ಪಟ್ಟಣದ ಪೌರಾಡಳಿತದ ಇತಿಹಾಸದಲ್ಲಿ ಆ ಪೀಠವನ್ನೇರಿದ ಮೊದಲ ಮುಸಲ್ಮಾನ ಮಹಿಳೆ ಅವರು. ಮಹಿಳೆಗೆಂದು ಸರದಿಯಲ್ಲಿ ಬಂದ ಪೀಠವದು ಎಂದು ಮೂಗು ಮುರಿದವರಿದ್ದರು. ಇರಲಿ, ಸರದಿ ಬಂದಾಗ ಆ ಸ್ಥಾನಕ್ಕೆ ತಕ್ಕವರು ಸಿದ್ಧರಿದ್ದರಷ್ಟೆ? ಅಧಿಕಾರ ವಹಿಸಿಕೊಂಡ ಎರಡೇ ತಿಂಗಳಿಗೆ ಕೋವಿಡ್ ವ್ಯಾಧಿಯು ಊರನ್ನು ಹೊಕ್ಕಿತು; ಆ ಕಷ್ಟದ ವರ್ಷವೇ ಅವರ ಪಾಲಿಗೆ ಬಂದ ವರ್ಷ. ಇನ್ನು ಹಾಸನದ ಬಾನು ಮುಷ್ತಾಕ್ ಅವರನ್ನು ಈಗ ಜಗತ್ತೇ ಬಲ್ಲುದು. 2025ರಲ್ಲಿ ಕನ್ನಡಕ್ಕೆ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವನ್ನು ತಂದುಕೊಟ್ಟವರು ಅವರು. ಆದರೆ ಕಥೆಗಾರ್ತಿಯೂ ನ್ಯಾಯವಾದಿಯೂ ಆದ ಈ ಮಹಿಳೆ ಎಂಬತ್ತರ ದಶಕದಲ್ಲಿ ಹಾಸನದ ನಗರಸಭೆಯ ಸದಸ್ಯರಾಗಿ ಎರಡು ಅವಧಿ ಕೆಲಸ ಮಾಡಿದವರೆಂಬುದು ಎಷ್ಟು ಮಂದಿಗೆ ಗೊತ್ತು? ಊರ ನಲ್ಲಿ, ಚರಂಡಿ, ಕಂದಾಯಗಳ ಲೆಕ್ಕವನ್ನು ಕೂತು ನೋಡಿದವರ ಕಣ್ಣಿಗೂ ಬರೆಯುವವರ ಕಣ್ಣಿಗೂ ನಂಟಿರಬೇಕೆಂದು ನಮಗೆ ತೋರುತ್ತದೆ.

ಕಾನೂನು ತೆರೆದ ಬಾಗಿಲಿನ ಕಥೆ ಇದು. ಪಕ್ಷಗಳ ಬಾಗಿಲಿನ ಕಥೆ ಬೇರೆ. 2023ರ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು 15 ಮಂದಿ ಮುಸಲ್ಮಾನರಿಗೆ ಉಮೇದುವಾರಿಕೆಯನ್ನು ಕೊಟ್ಟಿತು. ಅವರಲ್ಲಿ ಮಹಿಳೆ ಒಬ್ಬರೇ. ಭಾರತೀಯ ಜನತಾ ಪಕ್ಷವು ಮುಸಲ್ಮಾನರಲ್ಲಿ ಪುರುಷರಿಗೂ ಕೊಡಲಿಲ್ಲ, ಸ್ತ್ರೀಯರಿಗೂ ಕೊಡಲಿಲ್ಲ. ಆ ಚುನಾವಣೆಯಲ್ಲಿ ಎಲ್ಲ ಕೋಮುಗಳಿಂದಲೂ ಗೆದ್ದು ಬಂದ ಸ್ತ್ರೀಯರ ಒಟ್ಟು ಸಂಖ್ಯೆಯೇ ಹತ್ತು ಎಂಬುದನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಈ ರೋಗವು ಒಂದು ಕೋಮಿನ ಸ್ತ್ರೀಯರಿಗೆ ಮಾತ್ರ ತಗಲಿದುದಲ್ಲ. ಆದರೆ ಮುಸಲ್ಮಾನ ಮಹಿಳೆಗೆ ಬಂದಿರುವ ಕಷ್ಟ ಇಮ್ಮಡಿಯಾದುದು. ಪಕ್ಷದ ಪಟ್ಟಿ ಮಾಡುವವರ ಬಳಿ ಎರಡು ಖಾತೆಗಳಿರುತ್ತವೆ: ಅಲ್ಪಸಂಖ್ಯಾತರದೊಂದು, ಮಹಿಳೆಯರದೊಂದು. ಅಲ್ಪಸಂಖ್ಯಾತರ ಖಾತೆಯಲ್ಲಿರುವ ಸ್ಥಾನಗಳೇ ಕೆಲವಾದ್ದರಿಂದ ಆ ಕೋಮಿನ ಪುರುಷ ಮುಂದಾಳುಗಳು ಅವುಗಳನ್ನು ಬಿಟ್ಟುಕೊಡಲೊಲ್ಲರು. ಮಹಿಳೆಯರಿಗೆ ಪ್ರತ್ಯೇಕ ಖಾತೆಯುಂಟಲ್ಲ, ಅಲ್ಲಿ ಕೇಳಿರಿ ಎನ್ನುತ್ತಾರೆ. ಮಹಿಳೆಯರ ಖಾತೆಯವರನ್ನು ಕೇಳಿದರೆ, ನಿಮ್ಮ ಲೆಕ್ಕ ಅಲ್ಪಸಂಖ್ಯಾತರ ಕಡೆಗೆ ಬರುತ್ತದೆ ಎನ್ನುತ್ತಾರೆ. ಈ ಎರಡು ಕಚೇರಿಗಳ ನಡುವಿನ ಜಗಲಿಯಲ್ಲಿ ಆಕೆ ನಿಂತಿರುವಂತೆಯೇ ನಾಮಪತ್ರದ ಗಡುವು ಮುಗಿದುಹೋಗುತ್ತದೆ. ಆಮೇಲೆ, ಗೆಲ್ಲತಕ್ಕ ಉಮೇದುವಾರರು ದೊರೆಯಲಿಲ್ಲವೆಂದು ಪತ್ರಿಕೆಗಳಲ್ಲಿ ಹೇಳಿಕೆ!

ಗೆಲ್ಲುವುದಿಲ್ಲವೆಂಬುದೂ ಸುಳ್ಳೆಂದು ಗುಲ್ಬರ್ಗದವರು ತೋರಿಸಿಕೊಟ್ಟಿದ್ದಾರೆ. ಕನೀಝ್ ಫಾತಿಮಾ ಅವರು ರಾಜಕಾರಣಕ್ಕೆ ಬಂದುದು ಅವರ ಪತಿಯೂ ಮಾಜಿ ಮಂತ್ರಿಗಳೂ ಆದ ಖಮರುಲ್ ಇಸ್ಲಾಂ ಅವರು 2017ರಲ್ಲಿ ತೀರಿಕೊಂಡ ಮೇಲೆ. ನಮ್ಮ ದೇಶದಲ್ಲಿ ಗಂಡನ ಮರಣಾನಂತರ ಹೆಂಡತಿಗೆ ಪಕ್ಷದವರು ಬಾಗಿಲು ತೆಗೆಯುವುದು ಹಳೆಯ ರೂಢಿ. ಅದನ್ನು ನಾವು ಹೊಗಳಲಾರೆವು. ಸಮರ್ಥೆಯಾದ ಹೆಂಗಸಿಗೆ ಸಾರ್ವಜನಿಕ ಬಾಳಿನ ಪ್ರವೇಶವು ವೈಧವ್ಯದ ಹೊಸ್ತಿಲ ಮೇಲಿಂದಲೇ ಆಗಬೇಕೆಂಬುದು ಅವಮಾನಕರವಾದ ಏರ್ಪಾಡು. 2018ರಲ್ಲಿ ಅವರು ಸುಮಾರು ಆರು ಸಾವಿರ ಮತಗಳಿಂದ ಗೆದ್ದುದನ್ನು ಅನುಕಂಪದ ಫಲವೆಂದವರುಂಟು. ಸರಿ. ಮುಂದೆ 2022ರಲ್ಲಿ ಶಾಲಾ ಕಾಲೇಜುಗಳಲ್ಲಿ ಶಿರವಸ್ತ್ರದ ವಿವಾದವೆದ್ದಿತು. ಫೆಬ್ರವರಿ 5ರಂದು ಸರಕಾರದ ಆಜ್ಞೆ ಹೊರಟಿತು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯದ ತೀರ್ಪನ್ನು ಕೊಟ್ಟರು. ಈ ಅವಧಿಯಲ್ಲಿ ಆ ವಿಷಯದಲ್ಲಿ ವಿಧಾನಸಭೆಯೊಳಗಿಂದ ಮಾತನಾಡಬಲ್ಲ ಮುಸಲ್ಮಾನ ಮಹಿಳೆ ಕನೀಝ್ ಫಾತಿಮಾ ಒಬ್ಬರೇ ಆಗಿದ್ದರು. ಅವರು ಸುಮ್ಮನಿರಲಿಲ್ಲ, ಕಲಬುರಗಿಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಶಿರವಸ್ತ್ರದ ಪ್ರಶ್ನೆಯಲ್ಲಿ ನಮ್ಮ ವಾಚಕರೊಳಗೆ ಎರಡು ಅಭಿಪ್ರಾಯಗಳಿರಬಹುದು. ಆದರೆ ಹುಡುಗಿಯರ ಉಡುಪನ್ನು ಕುರಿತು ಊರಿಗೆ ಊರೇ ಮಾತನಾಡುತ್ತಿದ್ದಾಗ, ಆ ಹುಡುಗಿಯರ ಕಡೆಯವಳೆನ್ನತಕ್ಕ ಒಬ್ಬಾಕೆಯಾದರೂ ಶಾಸನ ಮಾಡುವ ಸಭೆಯಲ್ಲಿ ಇದ್ದುದು ಎಷ್ಟು ಅವಶ್ಯವಾಗಿತ್ತೆಂಬುದರಲ್ಲಿ ಎರಡು ಅಭಿಪ್ರಾಯಗಳಿರಲಾರವು. 2023ರಲ್ಲಿ ಮೂರು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಅವರು ಮರಳಿ ಗೆದ್ದರು. ಎರಡನೆಯ ಸಲದ ಗೆಲವನ್ನೂ ಅನುಕಂಪವೆನ್ನುವುದು ಸಾಧ್ಯವಿಲ್ಲ.

2024ರಲ್ಲಿ ಭದ್ರಾವತಿಯ ಬಿಲ್ಕಿಸ್ ಬಾನು ಅವರು ವಿಧಾನಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದುದು ಸಂತೋಷದ ಸಂಗತಿ. ಆದರೆ ಪರಿಷತ್ತಿನ ಆ ಸ್ಥಾನವು ಶಾಸಕರ ಮತದಿಂದ ಬರುವುದು. ಪ್ರಜೆಗಳ ಮುಂದೆ ನಿಂತು ಮತ ಕೇಳುವ ಕ್ಷೇತ್ರವನ್ನು ಕೊಡುವುದು ಬೇರೆ ಮಾತು.

ಗಡಿಯಾಚೆಯೂ ಇದೇ ನ್ಯಾಯ ನಡೆದಿದೆ. ನಮ್ಮವರೇ ಆದ ಕಾಸರಗೋಡಿನ ಕನ್ನಡಿಗರು ಸೇರಿರುವ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಅಲ್ಲಿಗೆ ಮುಸ್ಲಿಂ ಲೀಗು ಮಹಿಳೆಯರನ್ನು ಕಳುಹಿಸುತ್ತಲೇ ಬಂದಿದೆ. ಅದೇ ಲೀಗು ವಿಧಾನಸಭೆಗೆ 1996ರಲ್ಲಿ ಖಮರುನ್ನಿಸಾ ಅನ್ವರ್ ಅವರನ್ನು ನಿಲ್ಲಿಸಿದ ಮೇಲೆ ಇನ್ನೊಬ್ಬ ಮಹಿಳೆಗೆ, ನೂರ್ಬೀನಾ ರಶೀದ್ ಅವರಿಗೆ, ಉಮೇದುವಾರಿಕೆ ಕೊಟ್ಟುದು 2021ರಲ್ಲಿ. ನಡುವೆ ಇಪ್ಪತ್ತೈದು ವರ್ಷಗಳು. ಕಾನೂನು ಕೇಳಿದಲ್ಲಿ ಮಹಿಳೆಯರು ದೊರೆಯುತ್ತಾರೆ, ಕಾನೂನು ಕೇಳದಲ್ಲಿ ದೊರೆಯುವುದಿಲ್ಲ ಎಂದರೆ ಕೊರತೆ ಮಹಿಳೆಯರಲ್ಲಿದೆಯೋ ಹುಡುಕುವವರಲ್ಲಿದೆಯೋ ವಾಚಕರೇ ಹೇಳಬೇಕು.

ಹಾಗಾದರೆ ಕಾನೂನನ್ನೇ ಕಾಯೋಣವೆ? 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 106ನೆಯ ತಿದ್ದುಪಡಿಯು ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರರಲ್ಲೊಂದು ಪಾಲನ್ನು ಸ್ತ್ರೀಯರಿಗೆ ಮೀಸಲಿಡುತ್ತದೆ. ಆದರೆ ಅದು ಫಲ ಕೊಡುವುದಕ್ಕೆ ಮುಂದಿನ ಜನಗಣತಿಯೂ ಅದರ ಮೇಲಣ ಕ್ಷೇತ್ರವಿಂಗಡಣೆಯೂ ಆಗಬೇಕೆಂದು ತಿದ್ದುಪಡಿಯೊಳಗೇ ಬರೆದಿಟ್ಟರು. ಒಳಮೀಸಲನ್ನು ಪರಿಶಿಷ್ಟ ಜಾತಿ ಪಂಗಡಗಳ ಸ್ತ್ರೀಯರಿಗೆ ಕೊಟ್ಟರು. ಹಿಂದುಳಿದವರಿಗೂ ಮುಸಲ್ಮಾನರಿಗೂ ಕೊಡಲಿಲ್ಲವೆಂದು ಲೋಕಸಭೆಯಲ್ಲಿ ಇಬ್ಬರು ಸದಸ್ಯರು ಅದಕ್ಕೆ ವಿರುದ್ಧವಾಗಿ ಮತವಿತ್ತರು. ಮತದ ಆಧಾರದ ಮೇಲೆ ಸ್ಥಾನಗಳನ್ನು ಹಂಚುವುದು ನಮಗೆ ಹಿತವೆನಿಸದು. ಪ್ರತ್ಯೇಕ ಚುನಾವಣೆಗಳು ಈ ದೇಶಕ್ಕೆ ತಂದ ಅನರ್ಥವನ್ನು ಕಂಡವರು ಆ ಹಾದಿಯನ್ನು ಮತ್ತೆ ಹಿಡಿಯಲಾರರು. ಆದರೆ ಹಾಗೆನ್ನುವ ನಾವು, ಪಕ್ಷಗಳು ತಾವಾಗಿಯೇ ಮಾಡಬಹುದಾದ ಕೆಲಸವನ್ನು ಏಕೆ ಮಾಡುತ್ತಿಲ್ಲವೆಂದು ಕೇಳುವ ಹೊಣೆಯನ್ನೂ ಹೊರಬೇಕು. ಮೀಸಲು ಬೇಡ, ಟಿಕೆಟೂ ಇಲ್ಲ ಎಂಬ ಎರಡನ್ನೂ ಒಂದೇ ಬಾಯಿಂದ ಹೇಳುವುದು ಸಲ್ಲದು.

ಮುಸಲ್ಮಾನ ಸಮಾಜದ ಹಿರಿಯರಿಗೂ ಒಂದು ಮಾತು ಹೇಳಬೇಕಾಗಿದೆ. ಮೀಸಲು ವಾರ್ಡಿನಲ್ಲಿ ಹೆಂಡತಿಯ ಹೆಸರು, ಕುರ್ಚಿಯಲ್ಲಿ ಗಂಡ ಎಂಬ ಆಡಳಿತ ಎಲ್ಲ ಕೋಮುಗಳಲ್ಲಿಯೂ ಇದೆ. ಅದನ್ನು ನಾವು ಎಲ್ಲ ಕಡೆಯೂ ಖಂಡಿಸುತ್ತೇವೆ. ಜಮಾತುಗಳ ಸಭೆಗೆ ಸ್ತ್ರೀಯರನ್ನು ಕರೆಯದವರು ಊರ ಸಭೆಗೆ ಮಾತ್ರ ಅವರು ದಿಟ್ಟರಾಗಿ ಬರಬೇಕೆಂದರೆ ಹೇಗಾದೀತು? ಸ್ತ್ರೀಯರಿಗೆ ಮಸೀದಿಯ ಪ್ರವೇಶವಿರಬೇಕೆಂದು ಹೇಳಿದುದಕ್ಕೆ 2000ದಲ್ಲಿ ಬಾನು ಮುಷ್ತಾಕ್ ಅವರ ಕುಟುಂಬಕ್ಕೆ ತಿಂಗಳುಗಟ್ಟಲೆ ಬಹಿಷ್ಕಾರ ಹಾಕಿದವರು ಅವರ ಕೋಮಿನವರೇ. ಅದೇ ಬಾನು ಮುಷ್ತಾಕ್ ಅವರು 2025ರ ದಸರೆಯನ್ನು ಉದ್ಘಾಟಿಸಕೂಡದೆಂದು ನ್ಯಾಯಾಲಯದ ಮೆಟ್ಟಲೇರಿದವರು ಇನ್ನೊಂದು ಕಡೆಯವರು. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಆ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ಉತ್ಸವಕ್ಕೆ ಚಾಲನೆಯಿತ್ತರು. ಇಬ್ಬದಿಯ ಕಲ್ಲೇಟುಗಳ ನಡುವೆ ನಡೆದು ಬರಬೇಕಾದ ಹೆಣ್ಣುಮಗಳು ಚುನಾವಣೆಗೆ ನಿಲ್ಲಲು ಹಿಂಜರಿದರೆ ಅದನ್ನು ಆಕೆಯ ಅಳುಕೆನ್ನುವುದು ಅನ್ಯಾಯ.

ಇನ್ನು ನಮ್ಮ ವಾಚಕರೇ ಮಾಡಬಹುದಾದ ಕೆಲಸಕ್ಕೆ ಬರೋಣ. ಏಕೆಂದರೆ ಅವರಲ್ಲಿ ಅನೇಕರು ಉಪಾಧ್ಯಾಯರು, ಮತಗಟ್ಟೆಯ ಅಧಿಕಾರಿಗಳಾಗಿ ಮನೆಮನೆಗೆ ಪಟ್ಟಿ ಹಿಡಿದು ಹೋಗತಕ್ಕವರು. ಉಮೇದುವಾರಿಕೆಗೆ ಮುಂಚೆ ಮತವಿರಬೇಕು, ಮತಕ್ಕೆ ಮುಂಚೆ ಪಟ್ಟಿಯಲ್ಲಿ ಹೆಸರಿರಬೇಕು. ಸ್ವತಂತ್ರ ಭಾರತದ ಮೊದಲ ಚುನಾವಣೆಯ ಪಟ್ಟಿಯನ್ನು ತಯಾರಿಸುವಾಗ ದೇಶದಲ್ಲಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳನ್ನು ಕೈಬಿಡಬೇಕಾಯಿತು. ಅವರು ತಮ್ಮ ಹೆಸರನ್ನು ಹೇಳದೆ ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಯಿಸಿದ್ದುದೇ ಕಾರಣ. ಆ ಕಾಲ ಹೋಯಿತು. ತೊಡಕು ರೂಪ ಬದಲಿಸಿತು. ಮುಸಲ್ಮಾನ ಮಹಿಳೆಯ ಹೆಸರು ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಸಾಗುವಾಗ ಒಂದು ಚೀಟಿಯಲ್ಲಿ ಫಾತಿಮಾ ಬೇಗಂ, ಇನ್ನೊಂದರಲ್ಲಿ ಫಾತಿಮ ಬೀ, ಮತ್ತೊಂದರಲ್ಲಿ ಬರಿಯ ಪಾತಿಮ ಎಂದಾಗುತ್ತದೆ. ಮದುವೆಯಾಗಿ ಬೇರೆ ಮೊಹಲ್ಲಾಕ್ಕೆ ಹೋದೊಡನೆ ತವರಿನ ಪಟ್ಟಿಯಿಂದ ಹೆಸರು ಹೋಗುತ್ತದೆ. ಅತ್ತೆಮನೆಯ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಯ ತೀವ್ರ ಪರಿಷ್ಕರಣೆ ನಡೆದಾಗ ಇಂಥ ವ್ಯತ್ಯಾಸಗಳೇ ಕೊರಳಿಗೆ ಬರುತ್ತವೆ. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಬಿದ್ದುದನ್ನು ಎಲ್ಲರೂ ಓದಿದ್ದಾರೆ.

ನಾವು ವಾಸವಾಗಿರುವ ಬೋಗಾದಿಯನ್ನೇ ತೆಗೆದುಕೊಳ್ಳಿರಿ. ಹಳ್ಳಿಯಾಗಿದ್ದ ಈ ಊರು ನಗರದ ಬಡಾವಣೆಗಳ ನಡುವೆ ಸಿಕ್ಕಿ 2020ರ ಕೊನೆಗೆ ಪಟ್ಟಣ ಪಂಚಾಯತಿ ಎನಿಸಿಕೊಂಡಿತು. ಬಾಡಿಗೆ ಮನೆಗಳಿಗೆ ನಗರದ ಹಳೆಯ ಮೊಹಲ್ಲಾಗಳಿಂದ ಬಂದು ನೆಲೆಸಿದ ಕುಟುಂಬಗಳು ಇಲ್ಲಿ ಅನೇಕ. ಅವರ ಮತ ಹಳೆಯ ವಿಳಾಸದಲ್ಲಿ, ಬಾಳು ಹೊಸ ವಿಳಾಸದಲ್ಲಿ. ನಾಳೆ ಈ ಊರಿನಲ್ಲಿ ವಾರ್ಡಿನ ಚುನಾವಣೆ ಪ್ರತ್ಯೇಕವಾಗಿ ನಡೆಯಲಿ, ಅಥವಾ ಮೈಸೂರಿನ ದೊಡ್ಡ ಪಾಲಿಕೆಯೊಳಗೆ ಸೇರಿ ನಡೆಯಲಿ, ಇಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲದವಳು ಇಲ್ಲಿ ಮತ ಹಾಕಲಾರಳು, ಇಲ್ಲಿಂದ ನಿಲ್ಲಲಾರಳು.

ಕಾಯಿದೆ ಸರಳವಾಗಿದೆ. 1950ರ ಪ್ರಜಾಪ್ರಾತಿನಿಧ್ಯ ಶಾಸನದ 19ನೆಯ ಕಲಮಿನಂತೆ ಹದಿನೆಂಟು ತುಂಬಿದ, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುವ ಯಾವಳೂ ಪಟ್ಟಿಗೆ ಸೇರಬಹುದು. ವಯಸ್ಸಿನ ಲೆಕ್ಕಕ್ಕೆ 2022ರಿಂದ ವರ್ಷದಲ್ಲಿ ನಾಲ್ಕು ದಿನಾಂಕಗಳುಂಟು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲನೆಯ ತಾರೀಖು. ಹೊಸದಾಗಿ ಸೇರಲು 6ನೆಯ ನಮೂನೆ. ವಿಳಾಸ ಬದಲಾಯಿಸಲು, ಹೆಸರಿನ ಅಕ್ಷರಗಳನ್ನು ತಿದ್ದಿಸಲು 8ನೆಯ ನಮೂನೆ. ಇದಕ್ಕೆ ಶುಲ್ಕವಿಲ್ಲ. ಊರು ಬಿಟ್ಟಳೆಂದು ಹೇಳಿ ಒಬ್ಬಳ ಹೆಸರನ್ನು ತೆಗೆಯುವ ಮುಂಚೆ ಆಕೆಯ ಮಾತನ್ನು ಕೇಳಬೇಕೆಂದು ಅದೇ ಶಾಸನದ 22ನೆಯ ಕಲಮು ವಿಧಿಸುತ್ತದೆ. ಕೇಳದೆ ತೆಗೆದರೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು 24ನೆಯ ಕಲಮಿನಲ್ಲಿ ಅವಕಾಶವಿದೆ. ನ್ಯಾಯವಾದಿ ಮಿತ್ರರು ಇಂಥ ಅರ್ಜಿಗಳನ್ನು ಫೀಜಿಲ್ಲದೆ ಬರೆದುಕೊಡುವುದಾದರೆ ಅದಕ್ಕಿಂತ ಒಳ್ಳೆಯ ದೇಶಸೇವೆಯನ್ನು ನಾವು ಕಾಣೆವು.

ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟು. ಪಟ್ಟಿ ಹಿಡಿದು ಬಾಗಿಲು ತಟ್ಟಿದಾಗ ಹೊರಗೆ ಬಂದ ಗಂಡಸು, ಮನೆಯಲ್ಲಿ ಮತದಾರರು ಇಬ್ಬರೇ ಎಂದರೆ ಅಷ್ಟಕ್ಕೇ ಹಿಂದಿರುಗಬಾರದು. ಒಳಗಿರುವ ಸೊಸೆಯ ಹೆಸರೇನು, ಕಾಲೇಜಿಗೆ ಹೋಗುವ ಮಗಳಿಗೆ ಹದಿನೆಂಟು ಎಂದು ತುಂಬುತ್ತದೆ ಎಂದು ಕೇಳಬೇಕು. ಸಾಧ್ಯವಾದರೆ ಅವರ ಬಾಯಿಂದಲೇ ಕೇಳಿ, ಅವರು ಬರೆದುಕೊಳ್ಳುವ ಅಕ್ಷರಗಳಲ್ಲೇ ಬರೆದುಕೊಂಡು, ಅವರ ಸಹಿಯನ್ನೇ ಪಡೆಯಬೇಕು. ವಾರ್ಡುಗಳ ಚುನಾವಣೆ ಬಂದಾಗ ಪಕ್ಷಗಳ ಮುಂದಾಳುಗಳು ಬೋಗಾದಿಗೂ ಬರುವರು, ಉದಯಗಿರಿಗೂ ಹೋಗುವರು. ಅವರ ಪಟ್ಟಿಯಲ್ಲಿ ಮುಸಲ್ಮಾನ ಮಹಿಳೆಯರು ಎಷ್ಟು ಮಂದಿ, ಅವರಲ್ಲಿ ಮಹಿಳೆಯರಿಗೆ ಮೀಸಲಲ್ಲದ ವಾರ್ಡುಗಳಲ್ಲಿ ನಿಂತವರು ಎಷ್ಟು ಮಂದಿ ಎಂಬ ಎರಡು ಸಂಖ್ಯೆಗಳನ್ನು ಅವರಿಂದ ಕೇಳಿ ಪಡೆದು ನಮಗೆ ಬರೆದು ಕಳುಹಿಸಿದರೆ ಅವನ್ನು ಪಕ್ಷಗಳ ಹೆಸರುಸಹಿತ ಈ ಪುಟದಲ್ಲಿಯೇ ಪ್ರಕಟಿಸುವೆವು.